ಎಐ ಭಯ: ಇದರಲ್ಲಿ ನನ್ನ ಪಾಲೆಷ್ಟು?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಆತನಿಗೆ 26 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಚಾಟ್‌ಬಾಟ್ ಕೊಡುವ ಉತ್ತರಗಳನ್ನು ಓದಿ ಅಂಕ ಹಾಕುವ ಕೆಲಸ. ಆ ಅಂಕಗಳಿಂದಲೇ ಬಾಟ್ ಕಲಿಯುತ್ತದೆ. ಕೆಲವು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಅಪರಾತ್ರಿಯವರೆಗೂ ಎಐ ಪ್ರಳಯದ ವಿಡಿಯೊ ನೋಡುತ್ತಾನೆ.

"ಮನುಷ್ಯರನ್ನೇ ಮುಗಿಸೋ ಯಂತ್ರಕ್ಕೆ ದಿನಾ ನಾನೇ ಪಾಠ ಹೇಳಿಕೊಡ್ತಿದೀನಿ ಮೇಡಂ. ಬಿಟ್ರೆ ಮನೆ ನಡೆಯಲ್ಲ. ಬಿಡದಿದ್ರೆ ಪಾಪ ಅಲ್ವಾ?"

ಮನೆಯವರು "ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದಿದ್ದರಂತೆ. ನಾನು ಹಾಗನ್ನಲಿಲ್ಲ. ಈ ಭಯಕ್ಕೆ ಬುಡವೇ ಇಲ್ಲ ಎನ್ನಲಾಗದು. ಎಐನಿಂದ ಮನುಕುಲ ಅಳಿಯುವ ಅಪಾಯವನ್ನು ಸಾಂಕ್ರಾಮಿಕ, ಅಣುಯುದ್ಧದ ಸಾಲಿನಲ್ಲಿಟ್ಟು ನೋಡಬೇಕು ಎಂಬ ಹೇಳಿಕೆಗೆ 2023ರ ಮೇ ತಿಂಗಳಲ್ಲಿ ಎಐ ವಿಜ್ಞಾನಿಗಳಾದ ಜೆಫ್ರಿ ಹಿಂಟನ್, ಯೋಶುವಾ ಬೆಂಜಿಯೊ ಸಹಿ ಹಾಕಿದರು. ಅವರೊಂದಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ 2018ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡ ಯಾನ್ ಲೆಕುನ್ ಮಾತ್ರ ಈ ಭಯ ಅತಿಯಾಯಿತು ಎನ್ನುತ್ತಾರೆ. ಆತನಿಗೂ ಇದನ್ನೇ ಹೇಳಿದೆ: "ಈ ವಿದ್ಯೆಗೆ ತಳಪಾಯ ಹಾಕಿದವರಲ್ಲೇ ಒಮ್ಮತ ಇಲ್ಲ. ನೀವೊಬ್ಬರೇ ರಾತ್ರಿ ಎರಡು ಗಂಟೆಗೆ ಕೂತು ತೀರ್ಮಾನ ಮಾಡಬೇಕಾಗಿಲ್ಲ."

ನನ್ನನ್ನು ಹೆಚ್ಚು ಕಾಡಿದ್ದು ಆತ ಕೇಳಿದ ಪಾಪದ ಪ್ರಶ್ನೆ. ಕೆಲಸದಲ್ಲಿ ಮನಸ್ಸಿಗೆ ಚುಚ್ಚಿದ ಒಂದು ಸಂಗತಿ ಹೇಳಿ ಎಂದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ. ಮಗುವಿಗೆ ಜ್ವರದ ಔಷಧಿ ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಬಾಟ್ ಚೆಂದದ ಕನ್ನಡದಲ್ಲಿ ಉತ್ತರ ಬರೆದಿತ್ತು. ಮಗುವಿನ ತೂಕವನ್ನೇ ಕೇಳಿರಲಿಲ್ಲ. ಈತನಿಗೆ ಅನುಮಾನ ಬಂತು. ಟಾರ್ಗೆಟ್ ಮುಗಿಸುವ ಗಡಿಬಿಡಿಯಲ್ಲಿ 5ಕ್ಕೆ 4 ಕೊಟ್ಟು ಮುಂದೆ ಹೋದ. ಪ್ರಳಯದ ವಿಡಿಯೊಗಳು ಶುರುವಾಗಿದ್ದು ಆ ವಾರದಿಂದಲೇ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲ ಹೊಣೆ ಕಂಪನಿಗಳದ್ದು, ಸರ್ಕಾರಗಳದ್ದು. ನಿಮ್ಮ ಪಾಲು ಸಣ್ಣದು, ಆದರೆ ಸೊನ್ನೆಯಲ್ಲ. ಅನುಮಾನ ಬಂದ ಉತ್ತರಕ್ಕೆ ಒಳ್ಳೆ ಅಂಕ ಕೊಡಬೇಡಿ, ಕಾರಣ ಬರೆದು ಮೇಲಿನವರಿಗೆ ಕಳಿಸಿ. ಟಾರ್ಗೆಟ್ ಜಾಸ್ತಿಯಾಗಿದೆ ಎಂದು ಟೀಮ್ ಲೀಡ್‌ಗೆ ಮೇಲ್ ಮಾಡಿ, ಜೊತೆಯವರನ್ನೂ ಸೇರಿಸಿಕೊಳ್ಳಿ. ನಿದ್ದೆಗೆಟ್ಟ ತಲೆಯಲ್ಲಿ ಕೆಲಸ ಬಿಡುವ ತೀರ್ಮಾನ ಬೇಡ. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿರಲಿ. ಇಷ್ಟಾದರೂ ಎದೆ ಡವಡವ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಅವೇಳೆಯಲ್ಲಿ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಬರುವಷ್ಟರಲ್ಲಿ ಮೇಲ್ ಹೋಗಿತ್ತು. ಜೊತೆಗೆ ಇನ್ನಿಬ್ಬರ ಹೆಸರಿತ್ತು. ಔಷಧಿಯ ಪ್ರಶ್ನೆಗಳನ್ನು ವೈದ್ಯರೇ ನೋಡಲಿ ಎಂದು ಕೇಳಿದ್ದರು. ಉತ್ತರ ಇನ್ನೂ ಬಂದಿಲ್ಲ. ನಿದ್ದೆ ಈಗ ಪರವಾಗಿಲ್ಲ ಅಂದ. ಕೆಲಸ ಬಿಡಬೇಕಾ, ಇರಬೇಕಾ ಎಂಬ ಮಾತನ್ನು ಈಗ ಶುರು ಮಾಡಿದ್ದೇವೆ.