ಫಾರ್ಮ್ಯಾಟ್ ಮಾಡಬೇಕು ಅಂದರೆ ಸದ್ಯಕ್ಕೆ ಬೇಡ ಅನ್ನಿ

ಪ್ರಶ್ನೆ: ನನ್ನ ಹತ್ತಿರ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೊ, ವಿಡಿಯೊ ಎಲ್ಲ ಅದರಲ್ಲೇ ಇವೆ. ಬೇರೆಲ್ಲೂ ಕಾಪಿ ಇಲ್ಲ. ಮೊನ್ನೆ ಫೈಲ್ ಕಾಪಿ ಆಗುತ್ತಿದ್ದಾಗಲೇ ಕೇಬಲ್ ಕಳಚಿಕೊಂಡಿತು. ಈಗ ಸಿಕ್ಕಿಸಿದರೆ ಲೈಟ್ ಹತ್ತುತ್ತದೆ, ಡ್ರೈವ್ ಕೂಡ ಕಾಣಿಸುತ್ತದೆ. ಆದರೆ ಅದರ ಮೇಲೆ ಕ್ಲಿಕ್ ಮಾಡಿದರೆ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಹೇಳುತ್ತದೆ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆಯ ಚೆಕ್‌ಡಿಸ್ಕ್ ಓಡಿಸು ಅಂತ ಒಬ್ಬರು, ಫ್ರೀಜರ್‌ನಲ್ಲಿ ಇಟ್ಟು ನೋಡು ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಕೇಬಲ್ ತೆಗೆದು ಡಿಸ್ಕನ್ನು ಪಕ್ಕಕ್ಕಿಡಿ. ಇಲ್ಲಿಯವರೆಗೆ ನೀವು ಫಾರ್ಮ್ಯಾಟ್ ಒತ್ತಿಲ್ಲ, ಅದೇ ದೊಡ್ಡ ಸಮಾಧಾನ. ನೀವು ಹೇಳಿದ ಲಕ್ಷಣ ನೋಡಿದರೆ ಫೋಟೊಗಳು ಇನ್ನೂ ಅಲ್ಲೇ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಯಾಕೆ ಅಂತ ಹೇಳುತ್ತೇನೆ. ಡಿಸ್ಕಿನಲ್ಲಿ ಫೈಲ್ ಒಂದು ಕಡೆ ಇರುತ್ತದೆ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಇನ್ನೊಂದು ಕಡೆ ಇರುತ್ತದೆ. ಕಾಪಿ ನಡೆಯುವಾಗ ಕೇಬಲ್ ಕಳಚಿದರೆ ಸಾಮಾನ್ಯವಾಗಿ ಕೆಡುವುದು ಈ ಪಟ್ಟಿ. ಪಟ್ಟಿ ಓದಲು ಬರದಿದ್ದಾಗ ವಿಂಡೋಸ್‌ಗೆ ಅದು ಖಾಲಿ ಡಿಸ್ಕ್ ಥರ ಕಾಣುತ್ತದೆ, ಅದಕ್ಕೇ ಫಾರ್ಮ್ಯಾಟ್ ಕೇಳುತ್ತದೆ. ಕ್ವಿಕ್ ಫಾರ್ಮ್ಯಾಟ್ ಕೊಟ್ಟರೆ ಹಳೆ ಪಟ್ಟಿಯ ಜಾಗದಲ್ಲಿ ಹೊಸ ಖಾಲಿ ಪಟ್ಟಿ ಬರುತ್ತದೆ. ಕ್ವಿಕ್ ಎಂಬ ಟಿಕ್ ತೆಗೆದು ಕೊಟ್ಟರಂತೂ ಮುಗಿದೇ ಹೋಯಿತು. ವಿಸ್ಟಾದಿಂದ ಈಚೆಗೆ ವಿಂಡೋಸ್ ಪೂರ್ತಿ ಫಾರ್ಮ್ಯಾಟ್‌ನಲ್ಲಿ ಇಡೀ ಜಾಗಕ್ಕೆ ಸೊನ್ನೆ ತುಂಬುತ್ತದೆ. ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ.

ಈಗ ಒಂದು ಸಲ, ಒಂದೇ ಸಲ, ಡಿಸ್ಕ್ ಸಿಕ್ಕಿಸಿ ಕಿವಿ ಹತ್ತಿರ ಹಿಡಿಯಿರಿ. ಒಂದೇ ಸಮನೆ ಸಣ್ಣಗೆ ಗುಂಯ್ ಅನ್ನುತ್ತಿದ್ದರೆ ಒಳ್ಳೆಯದು. ಟಿಕ್, ಟಿಕ್, ಟಿಕ್ ಅಂತ ಬಡಿದು, ಸುಮ್ಮನಾಗಿ, ಮತ್ತೆ ತಿರುಗಲು ಶುರು ಮಾಡಿದರೆ ತಕ್ಷಣ ಕೇಬಲ್ ಎಳೆಯಿರಿ. ಒಳಗೆ ಓದುವ-ಬರೆಯುವ ಹೆಡ್, ತಿರುಗುವ ತಟ್ಟೆಯ ಮೇಲೆ ಬರೀ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಓಡಾಡುತ್ತದೆ. ಅದು ಕೆಟ್ಟಿದ್ದರೆ ಪ್ರತಿ ಸುತ್ತಿಗೂ ತಟ್ಟೆ ಕೆರೆದುಹೋಗಬಹುದು, ಕೆರೆದ ಜಾಗದ ಫೋಟೊ ಹೋದಂತೆಯೇ. ಆ ಸದ್ದಿಗೆ ಯಾವ ಸಾಫ್ಟ್‌ವೇರೂ ಮದ್ದಲ್ಲ. ಫ್ರೀಜರ್ ಮಾತು ಬಿಟ್ಟುಬಿಡಿ. ಹೊರಗೆ ತೆಗೆದ ಕೂಡಲೇ ಡಿಸ್ಕಿನ ಮೇಲೂ ಒಳಗೂ ತೇವ ಕೂರುತ್ತದೆ. ಮನೆಯಲ್ಲಿ ಬಿಚ್ಚಿ ನೋಡುವುದೂ ಬೇಡ, ಒಂದು ಧೂಳಿನ ಕಣ ಸಾಕು. ಇದು ಕ್ಲೀನ್ ರೂಮ್, ಅಂದರೆ ಧೂಳಿಲ್ಲದ ಕೋಣೆ, ಇರುವ ಡೇಟಾ ರಿಕವರಿ ಲ್ಯಾಬ್‌ನ ಕೆಲಸ. ಡಿಸ್ಕ್ ಕೊಡುವ ಮೊದಲೇ ಮೂರು ವಿಷಯ ಕೇಳಿ: ಏನೂ ಸಿಗದಿದ್ದರೆ ಹಣ ಎಷ್ಟು, ಹಣ ಕಟ್ಟುವ ಮೊದಲು ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತಾರಾ, ಡಿಸ್ಕ್ ಬಿಚ್ಚುವುದು ಅವರೋ ಬೇರೆಯವರೋ.

ಕೆಟ್ಟ ಸದ್ದು ಇಲ್ಲ ಅಂದರೆ ಕೇಬಲ್ ಮತ್ತು ಪೋರ್ಟ್ ಬದಲಿಸಿ ನೋಡಿ. ಇದು ತೀರಾ ಸಣ್ಣ ಮಾತು ಅನ್ನಿಸಬಹುದು. ಆದರೆ ಕಿಸೆಯಲ್ಲಿ ಹಿಡಿಸುವ 2.5 ಇಂಚಿನ ಡಿಸ್ಕಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ, ಕರೆಂಟೂ ಆ ಕೇಬಲ್ಲಿನಲ್ಲೇ ಬರಬೇಕು. ಮಾಮೂಲಿ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಹಬ್ ಬೇಡ, ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ.

ಆಮೇಲೆ ಡಿಸ್ಕಿನ ಆರೋಗ್ಯ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದು ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ. 05, ಸಿ5, ಸಿ6 ಎಂಬ ಮೂರು ಸಾಲು ಹುಡುಕಿ. ಓದಲು ಆಗದೆ ಬಾಕಿ ಉಳಿದ ಜಾಗಗಳ ಲೆಕ್ಕ ಸಿ5ರಲ್ಲಿರುತ್ತದೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಡಿಸ್ಕ್ ಸೋಲುತ್ತಿದೆ ಅಂತಲೇ ತಿಳಿಯಿರಿ. ಆ ಲೆಕ್ಕ ದೊಡ್ಡದಿದ್ದರೆ, ಅಥವಾ ನೋಡನೋಡುತ್ತ ಏರುತ್ತಿದ್ದರೆ, ಅದನ್ನೂ ಲ್ಯಾಬಿಗೇ ಕೊಡಿ.

ಚೆಕ್‌ಡಿಸ್ಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಒಳ್ಳೆ ಮನಸ್ಸಿನಿಂದಲೇ ಎಲ್ಲರೂ ಅದನ್ನೇ ಹೇಳುತ್ತಾರೆ. ಅದರ ಕೆಲಸ ಪಟ್ಟಿಯನ್ನು ಸರಿಹೊಂದಿಸುವುದು, ನಿಮ್ಮ ಫೈಲ್ ಉಳಿಸುವುದಲ್ಲ. ತಾಳೆಯಾಗದ ಸಾಲನ್ನು ಅದು ಕತ್ತರಿಸಿ ಹಾಕುತ್ತದೆ. ಒಮ್ಮೆ ನನ್ನ ಹತ್ತಿರ ಬಂದ ಡಿಸ್ಕಿನಲ್ಲಿ ಹೀಗೇ ಆಗಿತ್ತು. ಮದುವೆ ಫೋಟೊಗಳಿದ್ದ ಫೋಲ್ಡರ್ ಮಾಯ. ಅದರ ಬದಲು ಫೌಂಡ್ ಡಾಟ್ 000 ಎಂಬ ಫೋಲ್ಡರ್. ಒಳಗೆ ಫೈಲ್0000, ಫೈಲ್0001 ಅಂತ ಸಾಲುಸಾಲಾಗಿ ಸಿಎಚ್‌ಕೆ ತುಣುಕುಗಳು. ಯಾವುದು ಫೋಟೊ, ಯಾವುದರ ಅರ್ಧ ಅಂತ ಒಂದೊಂದನ್ನೇ ತೆರೆದು ನೋಡುತ್ತ ಕೂತೆವು. ಕೆಲವು ಕೊನೆಗೂ ತೆರೆಯಲೇ ಇಲ್ಲ. ನಿಮ್ಮ ಡಿಸ್ಕಿಗೆ ಅದನ್ನು ಓಡಿಸಬೇಡಿ.

ಬದಲಿಗೆ ಮೊದಲು ಇಡೀ ಡಿಸ್ಕಿನ ನಕಲು ತೆಗೆಯಬೇಕು. ಅದಕ್ಕೆ 1 ಟಿಬಿಗಿಂತ ಜಾಸ್ತಿ ಖಾಲಿ ಜಾಗವಿರುವ ಇನ್ನೊಂದು ಡಿಸ್ಕ್ ಬೇಕು. ಖರ್ಚು ಅನ್ನಿಸಿದರೂ ಇದೊಂದನ್ನು ಬಿಡಬೇಡಿ. ಈ ಹೊಸ ಡಿಸ್ಕಿನ ಫಾರ್ಮ್ಯಾಟ್, ಅಂದರೆ ಫೈಲ್ ಜೋಡಿಸುವ ಪದ್ಧತಿ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಲಿ. ನಕಲು ಒಂದೇ ದೊಡ್ಡ ಫೈಲ್ ಆಗಿ ಬರುತ್ತದೆ, ಫ್ಯಾಟ್32 ಪದ್ಧತಿಯಲ್ಲಿ 4 ಜಿಬಿ ದಾಟಿದ ಫೈಲ್ ಕೂರುವುದಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ (ವಿಂಡೋಸ್ ಬದಲು ಲಿನಕ್ಸ್‌ನಲ್ಲಿ ಕಂಪ್ಯೂಟರ್ ಶುರು ಮಾಡಿ), ಡಿಸ್ಕ್ ನಕಲು ತೆಗೆಯುವ ಡಿಡಿರೆಸ್ಕ್ಯೂ ಸಾಫ್ಟ್‌ವೇರ್ ಬಳಸಿ. ಇದು ಸುಲಭವಾಗಿ ಓದಲು ಬರುವ ಜಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ತಕರಾರು ಮಾಡುವ ಜಾಗಗಳಿಗೆ ಕೊನೆಯಲ್ಲಿ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ, ಹಾಗಾಗಿ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಕಮಾಂಡ್‌ನಲ್ಲಿ ಮೊದಲು ಬರುವುದು ಕೆಟ್ಟ ಡಿಸ್ಕ್, ಆಮೇಲೆ ನಕಲು ಕೂರುವ ಜಾಗ. ಇದು ಹಿಂದುಮುಂದಾದರೆ ಇರುವುದೂ ಅಳಿಸಿಹೋಗುತ್ತದೆ. ಎಂಟರ್ ಒತ್ತುವ ಮೊದಲು ಡಿಸ್ಕುಗಳ ಸೈಜ್, ಸೀರಿಯಲ್ ನಂಬರ್ ತಾಳೆ ನೋಡಿ. ನಾನು ಇವತ್ತಿಗೂ ಮೂರು ಸಲ ನೋಡುತ್ತೇನೆ. ಲಿನಕ್ಸ್ ರೂಢಿ ಇಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆರೋಗ್ಯವಾಗಿರುವ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೂ 1 ಟಿಬಿಗೆ ಮೂರು ಗಂಟೆ ಹತ್ತಿರ ಬೇಕು. ಸೋತ ಡಿಸ್ಕ್ ದಿನಗಟ್ಟಲೆ ತಗೊಳ್ಳಬಹುದು, ಗಾಬರಿಯಾಗಬೇಡಿ.

ನಕಲು ಸಿಕ್ಕಮೇಲೆ ಅಸಲು ಡಿಸ್ಕನ್ನು ಎತ್ತಿಡಿ. ಇನ್ನು ಏನು ಮಾಡಿದರೂ ನಕಲಿನ ಮೇಲೆ. ಮೊದಲು ಕೆಟ್ಟ ಪಟ್ಟಿ ಸರಿಪಡಿಸುವ ಟೆಸ್ಟ್‌ಡಿಸ್ಕ್ ಸಾಫ್ಟ್‌ವೇರ್ ಪ್ರಯತ್ನಿಸಿ. ನಿಮ್ಮ ಡಿಸ್ಕ್ ಎನ್‌ಟಿಎಫ್‌ಎಸ್ ಆಗಿದ್ದರೆ ಬೂಟ್ ಸೆಕ್ಟರಿನ (ಪಟ್ಟಿ ಎಲ್ಲಿದೆ ಎಂದು ಹೇಳುವ ಮೊದಲ ತುಣುಕಿನ) ಇನ್ನೊಂದು ಪ್ರತಿ ಪಾರ್ಟಿಷನ್ನಿನ, ಅಂದರೆ ಡಿಸ್ಕಿನ ಆ ಭಾಗದ, ತುದಿಯಲ್ಲಿ ಇರುತ್ತದೆ. ಕೆಟ್ಟಿರುವುದು ಅಷ್ಟೇ ಆಗಿದ್ದರೆ ಫೋಲ್ಡರ್, ಹೆಸರು, ತಾರೀಖು ಸಮೇತ ಎಲ್ಲ ವಾಪಸ್ ಬರುತ್ತವೆ. ಆಗದಿದ್ದರೆ ಅದರ ಜೊತೆಗೇ ಬರುವ ಫೋಟೊರೆಕ್ ಇದೆ. ಅದು ಪಟ್ಟಿಯನ್ನು ಕೇಳುವುದೇ ಇಲ್ಲ. ಜೆಪೆಗ್ ಫೋಟೊ ಯಾವಾಗಲೂ ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಇಂಥ ಗುರುತು ಹಿಡಿದು ಅದು ಇಡೀ ನಕಲನ್ನು ಜಾಲಾಡುತ್ತದೆ. ಹೆಸರು, ಫೋಲ್ಡರ್ ಉಳಿಯುವುದಿಲ್ಲ. ಆದರೆ ಕ್ಯಾಮೆರಾ ಅಥವಾ ಫೋನ್ ಬರೆದಿಟ್ಟ ತಾರೀಖು ಸಾಮಾನ್ಯವಾಗಿ ಫೋಟೊದ ಒಳಗೇ ಇರುತ್ತದೆ, ಅದರ ಪ್ರಕಾರ ಮತ್ತೆ ಜೋಡಿಸಿಕೊಳ್ಳಬಹುದು. ಮಗಳ ಮೊದಲ ವರ್ಷ ಒಂದು ಕಡೆ, ಎರಡನೇ ವರ್ಷ ಇನ್ನೊಂದು ಕಡೆ. ದೊಡ್ಡ ವಿಡಿಯೊಗಳು ಡಿಸ್ಕಿನಲ್ಲಿ ತುಂಡುತುಂಡಾಗಿ ಕೂತಿದ್ದರೆ ಕೆಲವು ಪೂರ್ತಿ ಬರದೆ ಇರಬಹುದು.

ಡಬ್ಬಿ ಬಿಚ್ಚಿ ಒಳಗಿನ ಡಿಸ್ಕನ್ನು ನೇರ ಕಂಪ್ಯೂಟರಿಗೆ ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಕಡೆಯ ಚಿಪ್ಪೇ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿರುತ್ತದೆ. ಆ ಚಿಪ್ ಇಲ್ಲದೆ ಓದಿದರೆ ಸಿಗುವುದು ಅರ್ಥವಿಲ್ಲದ ಅಂಕೆಗಳು.

ಪ್ರಶ್ನೆ: ನನ್ನ ಡಿಸ್ಕಿನಲ್ಲಿ ಫೋಲ್ಡರ್ ಕಾಣಿಸುತ್ತದೆ, ತೆರೆಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಹಳೆ ಲ್ಯಾಪ್‌ಟಾಪ್‌ನಿಂದ ಕಾಪಿ ಮಾಡಿದ್ದು. ಇದೂ ಕೆಟ್ಟಿದೆಯಾ?

ಉತ್ತರ: ಇಲ್ಲ, ಇದರಲ್ಲಿ ಡಿಸ್ಕಿನ ತಪ್ಪೇನೂ ಕಾಣುವುದಿಲ್ಲ. ಆ ಫೋಲ್ಡರ್ ಹಳೆ ಕಂಪ್ಯೂಟರಿನ ನಿಮ್ಮ ಖಾತೆಯ ಹೆಸರಲ್ಲಿದೆ, ಹೊಸ ಕಂಪ್ಯೂಟರಿಗೆ ಆ ಖಾತೆ ಯಾರದೆಂದು ಗೊತ್ತಿಲ್ಲ. ಅಡ್ಮಿನ್ ಆಗಿ ಲಾಗಿನ್ ಆಗಿ, ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಜಾಗದಲ್ಲಿ ನಿಮ್ಮ ಹೆಸರು ಹಾಕಿ. ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸುವ ಟಿಕ್ ಮರೆಯಬೇಡಿ. ಇಡೀ ಡ್ರೈವ್‌ಗೆ ಮಾಡಬೇಡಿ, ಬೇಕಾದ ಫೋಲ್ಡರ್‌ಗೆ ಮಾತ್ರ ಸಾಕು. ಫೈಲ್ ಚಿತ್ರದ ಮೇಲೆ ಸಣ್ಣ ಬೀಗ ಕಾಣಿಸಿದರೆ ಮಾತ್ರ ವಿಷಯ ಬೇರೆ. ಅದು ವಿಂಡೋಸ್ ಎನ್‌ಕ್ರಿಪ್ಟ್ ಮಾಡಿದ ಫೈಲ್, ಓನರ್ ಬದಲಿಸಿದರೂ ತೆರೆಯದು. ಹಳೆ ಲ್ಯಾಪ್‌ಟಾಪ್ ಇನ್ನೂ ಇದ್ದರೆ ಅದನ್ನು ಮಾರಬೇಡಿ, ಫಾರ್ಮ್ಯಾಟೂ ಮಾಡಬೇಡಿ. ಬೀಗ ಹಾಕಿದ ಆ ಫೈಲ್ ತೆರೆಯುವ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಕೀಲಿ, ಆ ಲ್ಯಾಪ್‌ಟಾಪ್‌ನೊಳಗೇ ಇದೆ. ಇಡೀ ಡ್ರೈವ್ ಬಿಟ್‌ಲಾಕರ್ (ವಿಂಡೋಸ್‌ನ ಡ್ರೈವ್ ಬೀಗ) ಪಾಸ್‌ವರ್ಡ್ ಕೇಳುತ್ತಿದ್ದು, ಅದು ಮರೆತುಹೋಗಿದ್ದರೆ, 48 ಅಂಕಿಯ ರಿಕವರಿ ಕೀ ಹುಡುಕಿ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಮೊದಲು ನೋಡಿ, ಆಮೇಲೆ ಆಗ ಪ್ರಿಂಟ್ ತೆಗೆದಿಟ್ಟ ಹಾಳೆಗಳಲ್ಲಿ.