ಅನ್ನ ಬಿಟ್ಟು ಮುದ್ದೆ ಹಿಡಿದರೂ ತೂಕ ಇಳಿಯುತ್ತಿಲ್ಲ!

ಪ್ರಶ್ನೆ: ನನಗೆ 42 ವರ್ಷ, ಎತ್ತರ 158 ಸೆಂ.ಮೀ., ತೂಕ 71 ಕೆ.ಜಿ. ಎರಡು ತಿಂಗಳಿಂದ ಅನ್ನ ಪೂರ್ತಿ ಬಿಟ್ಟು ಎರಡು ಹೊತ್ತೂ ರಾಗಿಮುದ್ದೆ ಉಣ್ಣುತ್ತಿದ್ದೇನೆ. ಕಾಫಿಗೆ ಸಕ್ಕರೆ ಬದಲು ಬೆಲ್ಲ. ಆದರೂ ಅರ್ಧ ಕೆ.ಜಿ. ಇಳಿದಿಲ್ಲ. ಎಲ್ಲಿ ತಪ್ಪುತ್ತಿದೆ?
– ಗೃಹಿಣಿ, ಮಂಡ್ಯ

ಉತ್ತರ: ಧಾನ್ಯ ಬದಲಾಗಿದೆ, ಅಳತೆ ಬದಲಾಗಿಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದ್ದರೆ ಅಷ್ಟೇ ಅಕ್ಕಿಯಲ್ಲಿ 350ರ ಆಸುಪಾಸು. ಈ ವ್ಯತ್ಯಾಸದಿಂದ ತೂಕ ಇಳಿಯುವುದಿಲ್ಲ. ಬೆಲ್ಲಕ್ಕೂ ಸಕ್ಕರೆಗೂ ಅಷ್ಟೂ ಅಂತರವಿಲ್ಲ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿದೆ, ಕ್ಯಾಲ್ಸಿಯಂನಲ್ಲಿದೆ. ನಾರಿದ್ದರೆ ಬೇಗ ಹಸಿವಾಗದು, ನಿಜ. ಆದರೆ ಮುದ್ದೆಯನ್ನು ಅಗಿಯದೆ ನುಂಗುತ್ತೇವಲ್ಲ, ಹೊಟ್ಟೆ ತುಂಬಿದ್ದು ತಿಳಿಯುವುದರೊಳಗೆ ಎರಡನೆಯದೂ ಮುಗಿದಿರುತ್ತದೆ.

ಹಾಗಾಗಿ ಮುದ್ದೆ ಲೆಕ್ಕ ಬಿಟ್ಟು ಹಿಟ್ಟು ತೂಗಿ. ನಿಮಗೆ ಹೊತ್ತಿಗೆ 60 ಗ್ರಾಂ ಹಿಟ್ಟು ಸಾಕು. ನೀರು ಕುಡಿದು ಬೆಂದಾಗ ಅದು ಕಿತ್ತಳೆ ಗಾತ್ರದ ಒಂದು ಮುದ್ದೆಯಾಗುತ್ತದೆ. ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ ತಿಂದು ಆಮೇಲೆ ಮುದ್ದೆ ಮುರಿಯಿರಿ. ಜೊತೆಗೆ ತಿಳಿಸಾರು ಬೇಡ, ಗಟ್ಟಿ ಬೇಳೆ ಅಥವಾ ಹುರುಳಿಕಾಳಿನ ಸಾರು ಇರಲಿ. ಹಸಿ ಕಾಳು ತಲೆಗೆ 30–40 ಗ್ರಾಂ ಬೀಳಬೇಕು. ಅದರಲ್ಲಿ 7–8 ಗ್ರಾಂ ಪ್ರೋಟೀನ್ ಸಿಗುತ್ತದೆ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಸಂಜೆ ನಾಲ್ಕಕ್ಕೆ ಕೈ ತಾನಾಗಿ ಚಕ್ಕುಲಿ ಡಬ್ಬಿಗೆ ಹೋಗುತ್ತದೆ.

ಇನ್ನು ಎಣ್ಣೆ. ನಮ್ಮ ಅನುಮಾನ ಹೆಚ್ಚಾಗಿ ಇದರ ಮೇಲೇ. ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಎಣ್ಣೆಗೆ 120 ಕ್ಯಾಲೊರಿಗೂ ಹೆಚ್ಚು. ಕಡಲೆಕಾಯಿ, ಸೂರ್ಯಕಾಂತಿ, ಗಾಣದ್ದು, ಯಾವುದಾದರೂ ಅಷ್ಟೇ. ಬಾಣಲೆಗೆ ನೇರವಾಗಿ ಸುರಿದರೆ ಎಷ್ಟು ಬಿತ್ತೆಂದು ಯಾರಿಗೂ ತಿಳಿಯದು. ತಿಂಗಳ ಮೊದಲ ದಿನವೇ ತಲೆಗೆ ಅರ್ಧ ಲೀಟರ್‌ನಂತೆ ಬೇರೆ ತೆಗೆದಿಡಿ. ನಾಲ್ವರ ಮನೆಗೆ ಎರಡು ಲೀಟರ್. ಇಪ್ಪತ್ತನೇ ತಾರೀಕಿಗೇ ಖಾಲಿಯಾದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ. ಚಟ್ನಿಯ ತೆಂಗಿನ ತುರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ: 30 ಗ್ರಾಂಗೆ ನೂರು ಕ್ಯಾಲೊರಿ.

ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂದು ತೋರಿಸುವ ಅಳತೆ) 28.4. ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆಯನ್ನೂ ನೋಡಿಕೊಳ್ಳಿ. ಹೆಂಗಸರಲ್ಲಿ 80 ಸೆಂ.ಮೀ. ಒಳಗಿರಬೇಕು. ಮೂರು ತಿಂಗಳಿಗೆ ಮೂರೂವರೆ ಕೆ.ಜಿ. ಇಳಿಸುವ ಗುರಿ ಇಟ್ಟುಕೊಳ್ಳಿ. ಇಷ್ಟರಿಂದಲೇ ರಕ್ತದೊತ್ತಡ, ಸಕ್ಕರೆ ಸುಧಾರಿಸಲು ಶುರುವಾಗುತ್ತದೆ. ವಾರಕ್ಕೊಮ್ಮೆ, ಬೆಳಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು ತೂಕ ನೋಡಿ. ದಿನಾ ಹತ್ತಿ ನಿಂತರೆ ನೀರಿನಂಶದ ಏರಿಳಿತ ನೋಡಿಯೇ ಬೇಸರವಾಗುತ್ತದೆ. ಊಟ ಸರಿಹೋದ ಮೇಲೂ ಮುಳ್ಳು ಕದಲದಿದ್ದರೆ ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ ಹಾಕಿ ಕುಡಿದರೆ ಕೊಬ್ಬು ಕರಗುತ್ತದೆಯೇ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಇಲ್ಲ. ದೊಡ್ಡ ಚಮಚ ಜೇನಿಗೆ 60 ಕ್ಯಾಲೊರಿ ಸೇರುತ್ತದೆ, ಅಷ್ಟೇ.

ಪ್ರಶ್ನೆ: ತಂದೆಗೆ 61 ವರ್ಷ, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿದೆ. ಹೊಟ್ಟೆ ಕರಗಿಸಲು ರಾತ್ರಿ ಊಟ ಬಿಡುತ್ತೇನೆ ಎನ್ನುತ್ತಿದ್ದಾರೆ. ಬಿಡಬಹುದೇ?
– ಓದುಗರು, ಹಾಸನ

ಉತ್ತರ: ವೈದ್ಯರನ್ನು ಕೇಳದೆ ಬಿಡಕೂಡದು. ಈ ಮಾತ್ರೆ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ರಾತ್ರಿ ಸಕ್ಕರೆ ಕುಸಿಯಬಹುದು. ಊಟ ಕಡಿಮೆ ಮಾಡುವ ಮೊದಲು ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಕೇಳಿ. ಬೆವರು, ಕೈನಡುಕ ಕಂಡು ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ, ಎಚ್ಚರವಿರುವಾಗಲೇ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರಿದ ಮೇಲೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.