ಮಗು ಸುಮ್ಮನೆ ನೋಡುತ್ತಾ ನಿಲ್ಲುವುದು ಕೊರತೆಯಲ್ಲ

ತಂಗಿ, ಹಾಸನದಿಂದ ನೆದರ್ಲೆಂಡ್ಸ್‌ಗೆ ಬಂದು ಎರಡು ತಿಂಗಳಾಯಿತು, ಮೂರು ವರ್ಷದ ಮಗಳು ಶಿಶುವಿಹಾರದಲ್ಲಿ ಆಟಕ್ಕೆ ಸೇರದೆ ಬೇರೆ ಮಕ್ಕಳನ್ನು ನೋಡುತ್ತಾ ನಿಲ್ಲುತ್ತಾಳೆ, ರಾತ್ರಿ ಒಬ್ಬಳೇ ಮಲಗುವುದಿಲ್ಲ, ಇದು ಬೆಳವಣಿಗೆಯ ಕೊರತೆಯೇ ಎಂದು ಕೇಳಿದ್ದೀರಿ. ನಾನು ಮೂಡಿಗೆರೆಯವಳು, ಹದಿನೇಳು ವರ್ಷಗಳಿಂದ ಇಲ್ಲಿದ್ದೇನೆ. ನನ್ನ ಮಗನ ಬಗ್ಗೆಯೂ ಇದೇ ಮಾತು ಬಂದಾಗ ಹೆದರಿ, ಮನೆಯಲ್ಲಿ ಕನ್ನಡ ಆಡುವುದನ್ನೇ ಕೆಲವು ತಿಂಗಳು ನಿಲ್ಲಿಸಿಬಿಟ್ಟೆ. ಆ ತಪ್ಪು ನಿಮ್ಮಿಂದ ಆಗಬಾರದು.

ನೋಡುವುದೂ ಕಲಿಕೆಯೇ. ಗ್ವಾಟೆಮಾಲಾದ ಮಾಯಾ ಸಮುದಾಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಮನೋವಿಜ್ಞಾನಿ ಬಾರ್ಬರಾ ರೋಗಾಫ್ ಮತ್ತು ಅವರ ಸಹೋದ್ಯೋಗಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಮಗುವಿಗೆ ಆಟಿಕೆ ಮಾಡುವುದನ್ನು ಹೇಳಿಕೊಡುವಾಗ ಪಕ್ಕದಲ್ಲಿ ಕಾಯುತ್ತಿದ್ದ ಮಾಯಾ ಮಕ್ಕಳು, ಅಮೆರಿಕದ ಮಧ್ಯಮವರ್ಗದ ಮಕ್ಕಳಿಗಿಂತ ಹೆಚ್ಚು ಗಮನವಿಟ್ಟು ನೋಡಿ, ಹೆಚ್ಚು ಕಲಿತಿದ್ದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿಯ ಮುಂದಿನ ಅವರೆಕಾಳಿನ ಪಾತ್ರೆ. ರಾತ್ರಿ ನೆನೆಸಿಟ್ಟ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿದರೆ ಬೇಳೆ ಜಾರಿ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು. ಹೀಗೆ ಹಿಡಿ ಎಂದು ಅಜ್ಜಿ ಹೇಳಿದ ನೆನಪಿಲ್ಲ; ನೋಡಿ ನೋಡಿ ಒಂದು ದಿನ ನನ್ನ ಕೈಯೂ ಆ ಪಾತ್ರೆಗೆ ಹೋಯಿತು.

ಮಗು ಯಾವುದನ್ನು ಬೇಗ ಕಲಿಯುತ್ತದೆ ಎಂಬುದು ಮನೆಯವರು ಯಾವುದಕ್ಕೆ ಬೆಲೆ ಕೊಡುತ್ತಾರೆ ಎಂಬುದನ್ನೂ ಅವಲಂಬಿಸಿದೆ. ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ಕೂಸಿಗೆ ಕೂರುವುದನ್ನೂ ನಡೆಯುವುದನ್ನೂ ಬೇಕೆಂದೇ ಅಭ್ಯಾಸ ಮಾಡಿಸುತ್ತಿದ್ದುದರಿಂದ ಅವರ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಮೊದಲೇ ಕೂತು ನಡೆದರೂ, ಅಂಬೆಗಾಲಿಡುವುದರಲ್ಲಿ ಅಂಥ ಮುನ್ನಡೆ ಇರಲಿಲ್ಲ ಎಂದು ಮನೋವಿಜ್ಞಾನಿ ಚಾರ್ಲ್ಸ್ ಸೂಪರ್ 1976ರಲ್ಲಿ ಬರೆದರು. ನಿದ್ದೆಯೂ ಹಾಗೆಯೇ. ವಿಶ್ರಾಂತಿ, ಶುಚಿ, ಕ್ರಮಬದ್ಧತೆ ಎಂಬ ಮೂರು ಮಾತು ಇಲ್ಲಿನ ಹಿರಿಯರ ನಾಲಿಗೆಯ ಮೇಲೇ ಇದೆ. ಹೊತ್ತಿಗೆ ಸರಿಯಾಗಿ, ತನ್ನ ಹಾಸಿಗೆಯಲ್ಲಿ ಮಲಗುವ ಮಗು ಅವರ ಕಣ್ಣಿಗೆ ಚೆನ್ನಾಗಿ ಬೆಳೆಯುತ್ತಿರುವ ಮಗು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅಮ್ಮನ ಮಗ್ಗುಲಲ್ಲಿ ಮಲಗುವುದು ರೋಗವೂ ಅಲ್ಲ.

ಒಂದನ್ನು ಮಾತ್ರ ಗಮನಿಸಿ: ಹೆಸರು ಕರೆದರೆ ತಿರುಗಿ ನೋಡದಿದ್ದರೆ, ಅಥವಾ ಕನ್ನಡದಲ್ಲೂ ಮಾತು ಬರುತ್ತಿಲ್ಲವೆಂದಾದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಇಲ್ಲವಾದರೆ ಶಿಕ್ಷಕಿಯ ಬಳಿ ಸಮಯ ಕೇಳಿ, ಮಗಳು ಮನೆಯಲ್ಲಿ ಏನೇನು ಮಾಡುತ್ತಾಳೆ, ಯಾರನ್ನು ನೋಡಿ ಕಲಿತಳು ಎಂಬುದನ್ನು ವಿವರಿಸಿ. ಅಲ್ಲಿ ತಟ್ಟೆ ಜೋಡಿಸುವಂಥ ಸಣ್ಣ ಕೆಲಸವೊಂದನ್ನು ಅವಳ ಕೈಗೆ ಕೊಡುವಂತೆ ಕೇಳಿ. ನನ್ನ ಮಗ ಹಣ್ಣಿನ ಬಟ್ಟಲು ಹಂಚುತ್ತಲೇ ಆ ಮಕ್ಕಳ ಗುಂಪಿಗೆ ಸೇರಿದ್ದು.